ಗ್ಯಾರಂಟಿ ಕೇಳುತ್ತಿದ್ದ ಕೊಟ್ರಪ್ಪ ಮಾವ

ಕೊಟ್ರಪ್ಪ ಮಾವ ನಮ್ಮ ಮನೆಗೆ ಬಂದಾಗ ಕುರ್ಚಿಯ ಮೇಲೆ ಸುಮ್ಮನೆ ಕೂತದ್ದೇ ಇಲ್ಲ. ಮೊದಲು ಅದರ ಬೆನ್ನು ಹಿಡಿದು ಅಲ್ಲಾಡಿಸುತ್ತಿದ್ದ. ಆಮೇಲೆ ಬಗ್ಗಿ ಕಾಲುಗಳನ್ನು ನೋಡುತ್ತಿದ್ದ. "ಇದು ತಡೀತೈತೇನಕ್ಕ?" ಎಂದು ಅವ್ವನನ್ನು ಕೇಳುತ್ತಿದ್ದ. "ನಿನ್ನಂಥವರು ಇಬ್ಬರು ಕೂತ್ರೂ ತಡೀತೈತೆ, ಕೂತ್ಕಳೋ" ಎಂದು ಅವಳು ಬೈದ ಮೇಲೆ ತುದಿಯಲ್ಲಿ ಕೂರುತ್ತಿದ್ದ. ನಾನೂ ನನ್ನ ಅಕ್ಕ ಶಾರದೆಯೂ ಬಾಗಿಲ ಹಿಂದೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು.

ಅವನು ಅವ್ವನ ತಮ್ಮ. ಎಲ್ಲದಕ್ಕೂ ಅವನಿಗೆ ಗ್ಯಾರಂಟಿ ಬೇಕು. ಮಾವಿನಹಣ್ಣಿನವಳನ್ನು "ಹುಳಿ ಬಂದ್ರೆ ವಾಪಸ್ ತಗಂತೀಯಾ? ಗ್ಯಾರಂಟಿ ಹೇಳು" ಎಂದು ಕೇಳಿ, ಅವಳಿಂದ "ನಿನ್ನ ನಾಲಿಗಿಗೆ ನಾ ಹೆಂಗಪ್ಪಾ ಗ್ಯಾರಂಟಿ ಕೊಡ್ಲಿ" ಎಂದು ಅನ್ನಿಸಿಕೊಳ್ಳುತ್ತಿದ್ದ. ಶಾರದೆಯನ್ನು ನೋಡಲು ಜಗಳೂರಿನವರು ಬಂದಾಗಲೂ ಅಷ್ಟೇ. ತಟ್ಟೆಯಲ್ಲಿ ಅವಲಕ್ಕಿ ಹಾಗೇ ಇತ್ತು, ಮಾತು ಚೆನ್ನಾಗಿ ನಡೆದಿತ್ತು. ಮಾವ ಹುಡುಗನ ಅಪ್ಪನ ಕಡೆ ತಿರುಗಿ, "ನಿಮ್ಮ ಹುಡುಗ ನಮ್ಮ ಹುಡುಗೀನ ಚೆನ್ನಾಗಿ ನೋಡ್ಕಂತಾನೆ ಅನ್ನಾಕೆ ಗ್ಯಾರಂಟಿ ಏನ್ರೀ?" ಎಂದುಬಿಟ್ಟ. ಅಪ್ಪನಿಗೆ ಬೆವರು. ಆಗ ಹುಡುಗನೇ, ಅಂದರೆ ಈಗಿನ ನಮ್ಮ ಮಂಜಣ್ಣ ಭಾವ, ತಲೆ ಎತ್ತಿ "ನಾನೇ ಇದ್ದೀನಲ್ರೀ" ಎಂದರು. ಮಾವ ಅವರನ್ನೇ ಸ್ವಲ್ಪ ಹೊತ್ತು ನೋಡಿ, "ಆತು. ಕೊಡ್ರಿ ಅವಲಕ್ಕಿ" ಎಂದ.

ಅವನು ಮೊದಲಿನಿಂದ ಹಾಗಿದ್ದವನಲ್ಲ. ಎಪ್ಪತ್ತರ ದಶಕದಲ್ಲಿ ಚನ್ನಗಿರಿ ಬಸ್‌ಸ್ಟ್ಯಾಂಡಿನ ಎದುರು ಬಾಡಿಗೆಗೆ ನಿಲ್ಲುತ್ತಿದ್ದ ಹಳೇ ಕಾರು ಅವನದು. ಮೊಣಕೈಯನ್ನು ಕಿಟಕಿಯಿಂದಾಚೆ ಚಾಚಿ, ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತ, ಅಡಿಕೆ ವ್ಯಾಪಾರಸ್ಥರನ್ನೂ ಮದುವೆ ದಿಬ್ಬಣಗಳನ್ನೂ ರೋಗಿಗಳನ್ನೂ ಊರಿಂದೂರಿಗೆ ಮುಟ್ಟಿಸುತ್ತಿದ್ದ. ಪಕ್ಕದ ಸೀಟಿನಲ್ಲಿ ಯಾವಾಗಲೂ ಅವನ ತಮ್ಮ ಮಲ್ಲೇಶಿ. ಅವನಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ಅಣ್ಣನ ಜತೆ ಹರಟೆ ಹೊಡೆಯಲು ಹೋಗುತ್ತಿದ್ದ, ಅಷ್ಟೆ.

ಒಂದು ದಿನ ದಾವಣಗೆರೆಗೆ ಬಾಡಿಗೆ ಮುಟ್ಟಿಸಿ ಖಾಲಿ ಗಾಡಿಯಲ್ಲಿ ಬರುವಾಗ ಸೂಳೆಕೆರೆಯ ಹತ್ತಿರದ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಕಾರು ಹೋಗಿ ಮರಕ್ಕೆ ಬಡಿಯಿತು. ಬಡಿದದ್ದು ಮಲ್ಲೇಶಿ ಕೂತ ಕಡೆ. ಅವನು ಅಲ್ಲೇ ಹೋದ. ಕೊಟ್ರಪ್ಪ ಮಾವನಿಗೆ ಹಣೆ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಹಿಂದಿನ ದಿನವಷ್ಟೇ ಹೊನ್ನಾಳಿಯ ಮೆಕ್ಯಾನಿಕ್ ಕರೀಂ ಸಾಹೇಬರು ಆ ಬ್ರೇಕು ರಿಪೇರಿ ಮಾಡಿದ್ದರು. ತಮ್ಮ ಕೆಲಸದಲ್ಲಿ ತಪ್ಪಿಲ್ಲವೆಂದು ಅವರು ಮಗನ ತಲೆ ಮುಟ್ಟಿ ಹೇಳಿದರು. ಪೊಲೀಸಿನವರು ನೋಡಿದರು, ಊರಿನವರು ನೋಡಿದರು. ಬ್ರೇಕಿನ ತಪ್ಪೋ, ಗಾಡಿಯ ತಪ್ಪೋ, ಓಡಿಸಿದವನ ತಪ್ಪೋ ಎಂದು ಯಾರಿಗೂ ಹೇಳಲಾಗಲಿಲ್ಲ. "ಎಲ್ಲರೂ ಕೈ ತೊಳಕಂಡ್ರು ಅಕ್ಕ. ಕಡೀಗೆ ಉಳಿದದ್ದು ನನ್ನ ಕೈ ಒಂದೇ" ಎಂದು ಅವನು ನಮ್ಮ ನ್ಯಾಮತಿಯ ಮನೆಯ ಪಡಸಾಲೆಯಲ್ಲಿ ಕೂತು ಅತ್ತದ್ದು ನನಗೆ ನೆನಪಿದೆ. ಬಂಧುಗಳೆಲ್ಲ ಎದುರಿಗೋ ಹಿಂದೆಯೋ ಅವನನ್ನು ಅಂದರು. ಅವ್ವ ಮಾತ್ರ ಅನ್ನಲಿಲ್ಲ. ಅವನ ಮುಂದೆ ಮಲ್ಲೇಶಿಯ ಹೆಸರನ್ನೇ ಎತ್ತಲಿಲ್ಲ.

ಆಮೇಲೆ ಕೆಲವು ವರ್ಷ ಅವನು ಅಡಿಕೆ ಮಂಡಿಯಲ್ಲಿ ತೂಕಕ್ಕೆ ನಿಂತ. ಆ ಕೆಲಸ ಅವನಿಗೆ ಹೊಂದಲಿಲ್ಲ. "ಗಾಡಿ ಬಿಟ್ರೆ ಬ್ಯಾರೆ ಏನೂ ಬರದ ಗಂಡಸು ಇವರು. ಮನ್ಯಾಗೆ ಕುಂತು ಒಣಗ್ತಾರೆ" ಎಂದು ಹೆಂಡತಿ ಗಂಗಮ್ಮತ್ತೆಯೇ ಹಟ ಹಿಡಿದು ಹೊಸ ಕಾರಿಗೆ ಹೆಸರು ಬರೆಸಿದಳು. ಆ ಕಾಲದಲ್ಲಿ ಕಾರೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಕಾದರು. ಎಂಬತ್ತರ ದಶಕದ ಮೊದಲಲ್ಲಿ ಗಾಡಿ ಬಂದಿದೆಯೆಂದು ದಾವಣಗೆರೆಯ ಷೋರೂಮಿನಿಂದ ಹೇಳಿಕಳಿಸಿದರು.

ಅಲ್ಲಿನ ಮ್ಯಾನೇಜರು ಒಂದು ಮಾತು ಹೇಳಿದರಂತೆ: "ಕಂಪನಿ ಕೊಡೋದು ಒಂದು ವರ್ಷದ ಗ್ಯಾರಂಟಿ. ಬೇಕಾದ್ರೆ ಸ್ವಲ್ಪ ಹೆಚ್ಚಿಗೆ ಕಟ್ಟಿ, ಮೇಲೆ ಇನ್ನೆರಡು ವರ್ಷ ನಾವೇ ಕೊಡ್ತೀವಿ. ಗಾಡಿ ಎಲ್ಲಿ ನಿಂತ್ರೂ ನಮ್ಮ ಮನುಷ್ಯ ಬರ್ತಾನೆ. ಆದ್ರೆ ಬೇರೆಯವರ ಕೈ ಬಿತ್ತು ಅಂದ್ರೆ ಮುಗೀತು, ಆಮೇಲೆ ನಮಗೂ ಅದಕ್ಕೂ ಸಂಬಂಧ ಇಲ್ಲ. ಯೋಚನೆ ಮಾಡಿ, ಗಾಡಿ ಒಯ್ಯೋ ದಿನ ಹೇಳಿ."

ಆ ಒಂದು ವಾರ ಮಾವ ಪಟ್ಟ ಪಾಡು ಹೇಳತೀರದು. ಊಟ ಸೇರಲಿಲ್ಲ. ಹೊಸ ಕಾರು ಬರುವ ಮನೆಯಲ್ಲಿ ಸೂತಕದ ಕಳೆ. ಬಸ್ಸು ಹತ್ತಿ ನ್ಯಾಮತಿಗೆ ಬಂದು ಅಪ್ಪನ ಮುಂದೆ ಕೂತ. ಅಪ್ಪ ಹೈಸ್ಕೂಲು ಮೇಷ್ಟ್ರು, ಲೆಕ್ಕದ ಮನುಷ್ಯ. "ಹೊಸ ಗಾಡಿ ಮೊದಲ ವರ್ಷ ಕೆಡಲಿಲ್ಲ ಅಂದ್ರೆ ಆಮೇಲೂ ಅಷ್ಟು ಬೇಗ ಕೆಡಲ್ಲ ಕೊಟ್ರಪ್ಪ. ಯಾಕೆ ಸುಮ್ನೆ ದಂಡ?" ಎಂದರು.

"ಕೆಡಾದು ಬಿಡಾದು ಅಲ್ಲ ಭಾವ" ಎಂದ ಮಾವ. "ಕೆಟ್ಟಾಗ 'ಇದು ನನ್ನ ಜವಾಬ್ದಾರಿ' ಅನ್ನಾಕೆ ಒಬ್ಬ ಬೇಕು. ಆವತ್ತು ಅಂಥವನು ಒಬ್ಬನೂ ಇರಲಿಲ್ಲ."

ಅವ್ವ ಎದ್ದು ಒಳಗೆ ಹೋದಳು.

ಹೋಗುವಾಗ ಹೊನ್ನಾಳಿಯಲ್ಲಿ ಇಳಿದು ಕರೀಂ ಸಾಹೇಬರನ್ನೂ ಕೇಳಿದನಂತೆ. ಆ ಅಪಘಾತದ ನಂತರ ಅವರಿಬ್ಬರೂ ಮಾತಾಡಿದ್ದು ಅದೇ ಮೊದಲು. ಸಾಹೇಬರು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, "ತಗಳಪ್ಪ ಕೊಟ್ರಪ್ಪ. ನನ್ನ ಕೈ ಮ್ಯಾಲೆ ನಿನಗೆ ನಂಬಿಕೆ ಹೋಗೈತೆ, ಅದಕ್ಕೆ ನನಗೆ ಸಿಟ್ಟಿಲ್ಲ. ಆದ್ರೆ ಗಾಡಿ ಅಡವ್ಯಾಗೆ ನಿಂತ್ರೆ ದಾವಣಗೆರೆಯಿಂದ ಅವರು ಯಾವಾಗ ಬರ್ತಾರೆ, ಅದನ್ನೊಂದು ಸರಿಯಾಗಿ ಕೇಳ್ಕೊ" ಎಂದರಂತೆ. ಮಾವ ಅದನ್ನೂ ಕೇಳಿದ. "ತಕ್ಷಣ ಬರ್ತಾರ್ರೀ" ಎಂದರು ಮ್ಯಾನೇಜರು. ಮಾವ ಗ್ಯಾರಂಟಿ ತಗೊಂಡ.

ತಗೊಂಡ ಮೇಲೆ ಅವನು ಅದರ ಸೆರೆಯಾಳಾದ. ಬಾನೆಟ್ಟಿನ ಒಳಗೆ ನಟ್ಟುಗಳ ಮೇಲೆಲ್ಲ ಷೋರೂಮಿನವರು ಕೆಂಪು ಬಣ್ಣದ ಗುರುತು ಹಾಕಿದ್ದರು. ಯಾರಾದರೂ ತಿರುಗಿಸಿದರೆ ಬಣ್ಣ ಒಡೆದು ಗೊತ್ತಾಗಬೇಕು. ದಿನಾ ಬೆಳಿಗ್ಗೆ ಮಾವ ಬಾನೆಟ್ ಎತ್ತಿ, ತಪ್ಪಿ ಕೂಡ ಮುಟ್ಟಬಾರದೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದ. ಮಣ್ಣುರಸ್ತೆಯ ಊರುಗಳಿಗೆ ಬಾಡಿಗೆ ಒಪ್ಪುತ್ತಿರಲಿಲ್ಲ. "ಆ ಗಾಜಿನ ಕಾರು ಬ್ಯಾಡ" ಎಂದು ಜನ ಬೇರೆ ಗಾಡಿ ನೋಡಿಕೊಂಡರು. ಅವನಿಗೆ ಅದರ ಚಿಂತೆ ಇರಲಿಲ್ಲ.

ಎರಡನೇ ವರ್ಷ ಶಾರದೆ ಚೊಚ್ಚಲ ಬಸುರಿಯಾದಳು. ಹೆರಿಗೆಗೆ ಅವಳನ್ನು ಜಗಳೂರಿನಿಂದ ನ್ಯಾಮತಿಗೆ ಕರೆತರಬೇಕು. ಸೋದರಮಾವನ ಹೊಸ ಕಾರಿನಲ್ಲಿಯೇ ಬರಬೇಕೆಂದು ಅವ್ವನ ಆಸೆ. ಅವ್ವ ಮತ್ತು ನಾನು ಮಾವನ ಜತೆ ಹೋದೆವು. ಬರುವಾಗ ಮಂಜಣ್ಣ ಭಾವನೂ ಮುಂದೆ ಕೂತರು. ದಿನ ತುಂಬಲು ಇನ್ನೂ ಒಂದು ತಿಂಗಳ ಮೇಲಿತ್ತು. ಮಾವ ಎಷ್ಟು ನಿಧಾನ ಓಡಿಸಿದನೆಂದರೆ ಎತ್ತಿನಗಾಡಿಯವನೊಬ್ಬ ತಿರುಗಿ ನೋಡಿ ನಕ್ಕ.

ಬಿಳಿಚೋಡು ದಾಟಿದ ಮೇಲೆ ಶಾರದೆ ಅವ್ವನ ತೊಡೆ ಹಿಡಿದು "ಅವ್ವಾ, ಏನೋ ಆಗ್ತೈತೆ" ಎಂದಳು. ನೋಡಿದರೆ ಸೀರೆಯೆಲ್ಲ ರಕ್ತ. ಅವ್ವ ಕೂಗಿದಳು. ಮಾವ ಮೊದಲ ಸಲ ಜೋರಾಗಿ ಓಡಿಸಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಕೆಮ್ಮಿದಂತೆ ಮಾಡಿ ನಿಂತಿತು.

ಸುಡುವ ಮಧ್ಯಾಹ್ನ. ಮಾವ ಬಾನೆಟ್ ಎತ್ತಿ ನೋಡಿದ. "ಪೆಟ್ರೋಲ್ ಪಂಪು ಹೋಗೈತೆ" ಎಂದ. ಮುಟ್ಟಲಿಲ್ಲ. "ಮಂಜಣ್ಣ, ಬಿಳಿಚೋಡಿಗೆ ಹೋಗಿ ಪೋಸ್ಟಾಫೀಸಿನಿಂದ ಷೋರೂಮಿಗೆ ಫೋನ್ ಮಾಡ್ರಿ. ಬರ್ತಾರೆ. ಬರೆದುಕೊಟ್ಟಾರೆ." ಭಾವ ದಾರಿಹೋಕನೊಬ್ಬನ ಸೈಕಲ್ ಇಸಿದುಕೊಂಡು ಓಡಿದರು. ನಾವು ಕಾದೆವು. ಶಾರದೆ ಮೊದಮೊದಲು ನರಳುತ್ತಿದ್ದಳು, ಆಮೇಲೆ ಅದೂ ನಿಂತಿತು. ನಾನು ಸೆರಗಿನಿಂದ ಗಾಳಿ ಹಾಕುತ್ತಿದ್ದೆ. ಮಾವ ರಸ್ತೆಯ ನಡುವೆ ನಿಂತು ದಾವಣಗೆರೆಯ ದಿಕ್ಕನ್ನೇ ನೋಡುತ್ತಿದ್ದ.

ಭಾವ ಒಂದು ಟ್ರ್ಯಾಕ್ಟರ್ ಹತ್ತಿಕೊಂಡು ವಾಪಸ್ ಬಂದರು. "ಮೆಕ್ಯಾನಿಕ್ ಊಟಕ್ಕೆ ಹೋಗ್ಯಾರಂತೆ. ಬಂದ ಮ್ಯಾಲೆ ಕಳಿಸ್ತಾರಂತೆ" ಎಂದರು.

ಟ್ರ್ಯಾಕ್ಟರಿನವನು ಇಳಿದು, "ಸರೀರಿ, ನಾ ನೋಡ್ತೀನಿ" ಎಂದು ಬಾನೆಟ್ಟಿನ ಹತ್ತಿರ ಬಂದ. ಮಾವ ಎರಡೂ ಕೈ ಅಗಲಿಸಿ ಅಡ್ಡ ನಿಂತ. "ಮುಟ್ಟಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಯಾರೂ ಮುಟ್ಟಬ್ಯಾಡ್ರಿ. ಹಿಂದೆ ಹಿಂಗೇ ಒಬ್ಬರು ಮುಟ್ಟಿದ್ರು. ಅವರು ಬರ್ತಾರೆ, ಈಗ ಬರ್ತಾರೆ." ಅವನ ಕಣ್ಣಲ್ಲಿದ್ದ ಭಯವನ್ನು ನಾನು ಇವತ್ತಿಗೂ ಮರೆತಿಲ್ಲ. ಭಾವ ಅವನ ಭುಜ ಹಿಡಿದು ಎಳೆದರು. ಅವನು ಕದಲಲಿಲ್ಲ. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋಗೋಣವೆಂದರೆ ಆ ಕುಲುಕಾಟಕ್ಕೆ ಶಾರದೆ ಉಳಿಯುವಂತಿರಲಿಲ್ಲ.

ಆಗ ಅವ್ವ ಕಾರಿನಿಂದ ಇಳಿದು ಬಂದಳು. ಕೈಯೆಲ್ಲ ರಕ್ತ. ತಮ್ಮನ ಎದುರಿಗೆ ನಿಂತು, ಕೂಗದೆ, ಹೇಳಿದಳು:

"ಕೊಟ್ರ, ಮಲ್ಲೇಶೀನ ತಿಂದೆ. ಇವಳನ್ನೂ ತಿನ್ನಬ್ಯಾಡ."

ಮಾವನ ಕೈಗಳು ತಾವಾಗಿಯೇ ಕೆಳಗೆ ಬಿದ್ದವು. ಆಮೇಲೆ ಡಿಕ್ಕಿ ತೆಗೆದು ಪೆಟ್ರೋಲಿನ ಕ್ಯಾನು ತಂದ. ಟ್ರ್ಯಾಕ್ಟರಿನವನಿಂದ ರಬ್ಬರ್ ಪೈಪು ಇಸಿದುಕೊಂಡ. ಕೆಂಪು ಬಣ್ಣದ ನಟ್ಟನ್ನು ತಾನೇ ತಿರುಗಿಸಿ ಬಿಚ್ಚಿ, ಪಂಪನ್ನು ಬಿಟ್ಟು ಕ್ಯಾನಿನಿಂದ ನೇರವಾಗಿ ಎಂಜಿನ್ನಿಗೆ ಪೆಟ್ರೋಲ್ ಇಳಿಯುವಂತೆ ಪೈಪು ಸಿಕ್ಕಿಸಿದ. ಹಳೇ ಕಾರಿನಲ್ಲಿ ಎಷ್ಟೋ ಸಲ ಮಾಡಿದ್ದ ಕೆಲಸ ಅದು. ಬೀಡಿ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ. ಭಾವ ಕ್ಯಾನನ್ನು ಕಿಟಕಿಯಿಂದಾಚೆ ಎತ್ತಿ ಹಿಡಿದು ಕೂತರು. ಬಾನೆಟ್ಟನ್ನು ಹಗ್ಗದಿಂದ ಕಟ್ಟಿ, ದಾವಣಗೆರೆಯ ಆಸ್ಪತ್ರೆಯವರೆಗೆ ಮಾವ ಓಡಿಸಿದ.

ಶಾರದೆ ಉಳಿದಳು. ಮಗು ಉಳಿಯಲಿಲ್ಲ. ಗಂಡು.

ಡಾಕ್ಟರು ಹೊರಗೆ ಬಂದಾಗ ಮಾವ ಅವರ ಹಿಂದೆಯೇ ಹೋದ. "ಸ್ವಾಮಿ, ಸ್ವಲ್ಪ ಮುಂಚೆ ಬಂದಿದ್ರೆ?" ಡಾಕ್ಟರು ಬಹಳ ದಣಿದಿದ್ದರು. "ಉಳೀತಿತ್ತೇನೋ, ಇಲ್ಲೇನೋ. ಹೇಳೋಕೆ ಬರಲ್ಲ" ಎಂದರು. ಮಾವ ಮತ್ತೆ ಕೇಳಿದ. ಅವರು ಮತ್ತೆ ಅದನ್ನೇ ಹೇಳಿದರು. ಮೂರನೇ ಸಲ ಕೇಳುವಾಗ, ಸುದ್ದಿ ತಿಳಿದು ನ್ಯಾಮತಿಯಿಂದ ಬಂದಿದ್ದ ಅಪ್ಪ ಅವನನ್ನು ಆಚೆಗೆ ಕರೆದುಕೊಂಡು ಹೋದರು.

ಷೋರೂಮಿಗೆ ಅವನೇ ಗಾಡಿ ಒಯ್ದ. ಯಾರು ಬಿಚ್ಚಿದ್ದು ಎಂದು ಕೇಳಿದರಂತೆ. "ನಾನೇ. ಇನ್ನೂ ಮೊದಲೇ ಬಿಚ್ಚಬೇಕಿತ್ತು" ಎಂದನಂತೆ. ಗ್ಯಾರಂಟಿ ಮುಗಿಯಿತು ಎಂದರು. ಅವನು ವಾದಿಸಲಿಲ್ಲ. ಸ್ವಲ್ಪ ದಿನಕ್ಕೆ ಕಾರನ್ನು ತ್ಯಾವಣಿಗೆಯ ಒಬ್ಬರಿಗೆ ಕೊಟ್ಟು ಮತ್ತೆ ಮಂಡಿಗೆ ಹೋದ. ಅವ್ವ ಅವನೊಡನೆ ಮಾತು ಬಿಟ್ಟಳು. ಅವನು ನ್ಯಾಮತಿಗೆ ಬಂದರೆ ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಅವನು ಜಗುಲಿಯಲ್ಲೇ ನಿಂತು, ನನ್ನ ಕೈಯಿಂದ ನೀರು ಕುಡಿದು ಹೋಗುತ್ತಿದ್ದ. ಬರಬರುತ್ತ ಬರುವುದೂ ನಿಂತಿತು.

ಎರಡು ವರ್ಷದ ಮೇಲೆ ಶಾರದೆ ಮತ್ತೆ ಬಸುರಿಯಾದಳು. ಕರೆತರಲು ನಾನು ಹೋಗಿದ್ದೆ. "ಕೊಟ್ರಪ್ಪ ಮಾವ ಬಂದ್ರೇ ನಾ ಹೊರಡಾದು" ಎಂದು ಅವಳು ಕೂತಳು. ಎಲ್ಲರೂ ಬುದ್ಧಿ ಹೇಳಿದರು. ಕೇಳಲಿಲ್ಲ. ಭಾವ ಚನ್ನಗಿರಿಗೆ ಹೋಗಿ ಹೇಳಿದರೆ ಮಾವ ಮೊದಲು ಬಾಗಿಲು ಹಾಕಿಕೊಂಡನಂತೆ. ಮರುದಿನ ತಾನೇ ಜಗಳೂರಿಗೆ ಬಂದ. ತಲೆ ಪೂರ್ತಿ ಹಣ್ಣಾಗಿತ್ತು. ಶಾರದೆಯ ಮುಖ ನೋಡದೆ ಅವಳ ಟ್ರಂಕು ಎತ್ತಿಕೊಂಡ. "ಗಾಡಿ ಬ್ಯಾಡವ್ವ. ಬಸ್ಸಿನಾಗೆ ಹೋಗಾಣ" ಎಂದ.

ಬಸ್ಸಿನಲ್ಲಿ ಜಾಗ ಖಾಲಿ ಇದ್ದರೂ ಅವನು ಕೂರಲಿಲ್ಲ. ಶಾರದೆಯ ಸೀಟಿನ ಪಕ್ಕ ಕಂಬಿ ಹಿಡಿದು ನಿಂತ. ಗುಂಡಿ ಬಂದಾಗಲೆಲ್ಲ "ಡ್ರೈವರ್ ಸಾಹೇಬ್ರೇ, ನಿಧಾನ್ರೀ, ಹುಡುಗಿ ಐತೆ" ಎಂದು ಕೂಗುತ್ತಿದ್ದ. ಬಿಳಿಚೋಡು ಬಿಟ್ಟ ಮೇಲೆ ಅವನು ಕಣ್ಣು ಮುಚ್ಚಿಕೊಂಡ. ಶಾರದೆ ಕಂಬಿ ಹಿಡಿದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಅಂದು ಕಾರು ನಿಂತಿದ್ದ ಜಾಗ ಹಿಂದೆ ಬಿದ್ದ ಮೇಲೆ, "ಮಾವ, ದಾಟಿತು. ಕಣ್ಣು ಬಿಡು" ಎಂದಳು.

ನ್ಯಾಮತಿಯಲ್ಲಿ ಇಳಿದಾಗ ಅವ್ವ ಬಂದು ನಿಂತಿದ್ದಳು. ಮಾವ ಟ್ರಂಕು ಕೆಳಗಿಟ್ಟು, ಶಾರದೆಯನ್ನು ಅವಳ ಕೈಗೆ ಒಪ್ಪಿಸಿ, ಮತ್ತೆ ಅದೇ ಬಸ್ಸಿನ ಮೆಟ್ಟಿಲು ಹತ್ತಿದ. ಅವ್ವ ನೆಲ ನೋಡುತ್ತಲೇ ಅಂದಳು: "ಉಂಡು ಹೋಗೋ, ಕೊಟ್ರ."

"ಇನ್ನೊಂದ್ಸಲ ಬರ್ತೀನಿ ಅಕ್ಕ" ಎಂದ ಅವನು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

ಶಾರದೆಗೆ ಹೆಣ್ಣು ಮಗುವಾಯಿತು. ತೊಟ್ಟಿಲಿಗೆ ಹಾಕುವ ಮೊದಲೇ ಚನ್ನಗಿರಿಯಿಂದ ಸುದ್ದಿ ಬಂತು. ಮಂಡಿಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲವಂತೆ. ಅವ್ವ ಅಳಲಿಲ್ಲ. ಬಾಣಂತಿಗೆ ನೀರು ಕಾಯಿಸುತ್ತಿದ್ದವಳು ಒಲೆಯ ಮುಂದೆ ಹಾಗೇ ಕೂತಿದ್ದಳು. ಕಟ್ಟಿಗೆಯೆಲ್ಲ ಉರಿದು ಬೂದಿಯಾದ ಮೇಲೆ ನನ್ನ ಕಡೆ ತಿರುಗಿ ಅಂದಳು:

"ಬಾಯಲ್ಲಿ ಕರೆದೆ ಕಣೇ. ಕೈ ಹಿಡಿದು ಇಳಿಸ್ಕೋಬೇಕಿತ್ತು."