ಖಾರ್ಕೋವ್‌ನಲ್ಲಿ ಸಂತೆ ಯಾವ ದಿನ

ಗುರುವಾರದ ಸಂತೆ ಕೀವ್‌ನದೋ ತಾಷ್ಕೆಂಟಿನದೋ, ಈಗ ಖಾತ್ರಿಯಿಲ್ಲ. ಬೆಳಿಗ್ಗೆ ಅಟ್ಟದಿಂದ ಅತ್ತೆಯ ಹಳೆಯ ಸಂತೆಚೀಲ ಇಳಿಸಿ ಕೊಡವಿದೆ. ಇಷ್ಟು ವರ್ಷಗಳ ಮೇಲೂ ಅದರೊಳಗಿನ ಮೆಣಸಿನಕಾಯಿ ಘಾಟಿಗೆ ಮೂರು ಸಲ ಸೀನಿದೆ. ಸೀನು ನಿಜ. ಮುಂದೆ ಹೇಳುವುದಕ್ಕೆ ಅಷ್ಟು ಭರವಸೆ ಕೊಡಲಾರೆ.

ಎಪ್ಪತ್ತರ ದಶಕದಲ್ಲಿ, ಎಂಜಿನಿಯರಿಂಗ್ ಓದಲು ಸೋವಿಯತ್ ದೇಶಕ್ಕೆ ಹೊರಡುವ ಮುನ್ನ, ಅಲ್ಲಿನ ನಾಲ್ಕು ದೊಡ್ಡ ಊರುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಯಾವ ಊರಿಗೆ ಹಾಕುತ್ತಾರೋ ಗೊತ್ತಿರಲಿಲ್ಲ. ದೊಡ್ಡವನ್ನು ಕಲಿತಿದ್ದರೆ ಒಂದಾದರೂ ಉಪಯೋಗಕ್ಕೆ ಬಂದೀತೆಂಬ ನನ್ನ ಜಾಣತನ. ಯಂಕಂಚಿಯ ನಮ್ಮ ಪಡಸಾಲೆಯಲ್ಲಿ ಅತ್ತೆ, ಎಂದರೆ ಅಪ್ಪನ ಅಕ್ಕ, ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೇಳುತ್ತಿದ್ದಳು. ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು ಅವಳೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸಂತೆಗಳಲ್ಲಿ ಒಣಮೆಣಸಿನಕಾಯಿ ಮಾರುವವಳಿಗೆ ಊರೆಂದರೆ ಅದರ ಸಂತೆಯ ದಿನ.

"ಮಾಸ್ಕೋದ ಸಂತಿ ಯಾವತ್ತಲೇ?"

"ಅಲ್ಲಿ ಸಂತಿ ಇರೂದಿಲ್ಲ ಅತ್ತಿ. ದಿನಾ ಅಂಗಡಿ ತೆರದಿರ್ತಾವು."

"ಸುಳ್ಳ ಹೇಳಬ್ಯಾಡ ಅಳಿಯಾ. ಸಂತಿ ಇಲ್ಲದ ಅಷ್ಟ ದೊಡ್ಡ ಊರು ಹೊಟ್ಟಿಗೇನ ತಿಂತೈತಿ? ನೀ ಯಾವತ್ತ ಎಲ್ಲಿರ್ತಿ ಅಂತ ನನಗ ಗೊತ್ತಾಗೂದು ಬ್ಯಾಡೇನು?"

ನಿಜ ಹೇಳಿ ಸೋತು, ಸುಳ್ಳು ಹೇಳಿದೆ. ಮಾಸ್ಕೋಗೆ ರವಿವಾರ, ಲೆನಿನ್‌ಗ್ರಾಡಿಗೆ ಮಂಗಳವಾರ. ಗುರುವಾರ, ಶನಿವಾರಗಳನ್ನು ಕೀವ್, ತಾಷ್ಕೆಂಟಿಗೆ ಹಂಚಿದೆ, ಯಾವುದಕ್ಕೆ ಯಾವುದೋ. ಅವಳು ಒಂದೇ ಸಂಜೆಯಲ್ಲಿ ಕಲಿತಳು. ನಾನು ತಪ್ಪಿದರೆ ತೊಟ್ಟು ಎಸೆಯುತ್ತಿದ್ದಳು: "ಹಿಂಗಾದ್ರ ವಿಮಾನ ಇಳದ ಮ್ಯಾಲ ದಾರಿ ತಪ್ತಿ, ಖೋಡಿ!"

ನನ್ನನ್ನು ಹಾಕಿದ್ದು ಖಾರ್ಕೋವ್‌ಗೆ. ಅದು ನಮ್ಮ ನಾಲ್ಕರಲ್ಲಿ ಇರಲೇ ಇಲ್ಲ. ಹಿಮ, ಹಾಸ್ಟೆಲು, ಅರ್ಥವಾಗದ ಮಾತು. ಒಂದೊಂದು ರವಿವಾರ ಯಾರೊಡನೆಯೂ ತುಟಿ ಬಿಚ್ಚದೆ ಹಾಸಿಗೆ ಸೇರುತ್ತಿದ್ದೆ. ಓದುಬರಹ ಬಾರದ ಅತ್ತೆ ಯಾರಿಂದಲೋ ಬರೆಸಿದ ಪತ್ರ ಬಂತು: "ನಿನ್ನ ಊರಿನ ಸಂತಿ ದಿನ ಬರದಿಲ್ಲ. ಲಗೂ ಬರಿ."

ನಕ್ಕೆ. ನಾಳೆ ಬರೆದರಾಯಿತೆಂದೆ. ಇನ್ನೊಂದು ಸುಳ್ಳಿಗೆ ಮನಸ್ಸು ಬರಲಿಲ್ಲವೆಂದು ಆಮೇಲೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡದ್ದುಂಟು. ಬರೀ ಸೋಮಾರಿತನವೂ ಇದ್ದೀತು. ಎರಡನೆಯ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು.

ಓದು ಮುಗಿಸಿ ಮರಳಿದಾಗ, ಅವಳ ಜೊತೆ ಸಂತೆ ತಿರುಗುತ್ತಿದ್ದ ನಮ್ಮ ಓಣಿಯ ಬೆಳ್ಳುಳ್ಳಿ ಮಾರುವ ಮುದುಕಿ ಹೇಳಿದಳು: "ರವಿವಾರ ಬಂತಂದ್ರ ನಿಮ್ಮತ್ತಿ, ಇವತ್ತ ನಮ್ಮ ಅಳಿಯ ಮಾಸ್ಕೋ ಸಂತ್ಯಾಗ ಅದಾನ ಅಂತಿದ್ಲು. ಮಂಗಳವಾರ ಇನ್ನೊಂದೂರು. ಕೇಳದಿದ್ರೂ ಗಿರಾಕಿಗೆಲ್ಲಾ ಹೇಳಾಕಿ, ನೋಡಪಾ!"

ಮುದುಕಿ ಇಷ್ಟೇ ಹೇಳಿದಳೋ, ಉಳಿದದ್ದನ್ನು ನಾನೇ ಸೇರಿಸಿಕೊಂಡೆನೋ? ಮಾಸ್ಕೋವನ್ನು ನಾನು ಕಂಡದ್ದು ವಿಮಾನ ಬದಲಿಸುವಾಗ; ಬಾಕಿ ಮೂರನ್ನು ನೋಡಲೇ ಇಲ್ಲ. ನೀವೇ ಹೇಳಿ, ಇದನ್ನು ಆ ಮುದುಕಿಗೆ ಹೇಗೆ ಹೇಳುವುದು?

ಚೀಲವನ್ನು ಮತ್ತೆ ಅಟ್ಟಕ್ಕೇರಿಸಲಿಲ್ಲ. ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದ್ದೇನೆ. ವಾರದಲ್ಲಿ ನಾಲ್ಕು ದಿನ ಅತ್ತೆ ನನ್ನನ್ನು ಎಲ್ಲೆಲ್ಲಿ ಇರಿಸಿದ್ದಳೆಂದು ಹೆಚ್ಚುಕಡಿಮೆ ಬಲ್ಲೆ. ಸೋಮವಾರ, ಬುಧವಾರ, ಶುಕ್ರವಾರ ಎಲ್ಲಿ ಇರಿಸಿದ್ದಳೋ, ನನಗೆ ಗೊತ್ತಿಲ್ಲ.