ಕಾರ್ಡಿನ ಲೆಕ್ಕ, ನಿಂಗಣ್ಣನ ಕೈ

ನನ್ನ ತಮ್ಮ ಕಲ್ಲಣ್ಣನ ಗಾಡಿ ವಳಸಂಗ ದಾಟಿದ ಮ್ಯಾಲೆ ಒಂದು ಬೇವಿನ ಗಿಡದ ಹತ್ತಿರ ನಿಲ್ಲತಿತ್ತು. ಅದು ಸ್ಟಾಪ್ ಅಲ್ಲ. ಬೋರ್ಡಿಲ್ಲ, ಕಟ್ಟಿಯಿಲ್ಲ. ಗಿಡದ ಕೆಳಗೆ ನಿಂಗಣ್ಣ ಅಂತ ಒಬ್ಬ ಸೋಲಾಪುರಕ್ಕೆ ಕೆಲಸಕ್ಕೆ ಹೋಗಾಕ ಊಟದ ಡಬ್ಬಿ ಹಿಡಕೊಂಡು ನಿಂತಿರತಿದ್ದ, ಅಷ್ಟೇ. ಅವನ ಗುಡಿಸಲು ಅಲ್ಲೇ ಹೊಲದಾಗ. ಅವನಿಗಾಗಿ ಕಲ್ಲಣ್ಣ ದಿನಾ ಬ್ರೇಕ್ ಒತ್ತತಿದ್ದ. ಕಂಡಕ್ಟರ್ ಶಿವಶರಣಪ್ಪ ಬಾಯಿ ಮಾಡತಿದ್ದ: "ಮಾಮಾ, ಇನ್ನ ನಾಳಿಂದ ಅವನ ಅಡಿಗಿಮನಿ ಬಾಗಿಲಿಗೇ ಹಚ್ಚ್ರಿ ಗಾಡಿ!"

ಕಲ್ಲಣ್ಣ ಅಕ್ಕಲಕೋಟ ಡೆಪೋದಾಗ ಇಪ್ಪತ್ತೆರಡು ವರ್ಷ ಸೋಲಾಪುರದ ಎಸ್ಟಿ ಬಸ್ ನಡೆಸಿದವ. ಹುಟ್ಟಿದ್ದು ಕರಜಗಿಯೊಳಗ. ಹೊಲ ಇತ್ತು, ಎತ್ತಿದ್ದವು, ಆದರೆ ಇವನಿಗೆ ಸಣ್ಣವನಿದ್ದಾಗಿಂದ ಮೋಟಾರಿನ ಹುಚ್ಚು. ನಮ್ಮಪ್ಪ ಬಿತ್ತಾಕ ಕಳಿಸಿದರೆ ರಸ್ತೆ ಬದಿಗೆ ಕುಂತು ಬರೋ ಹೋಗೋ ಗಾಡಿ ಎಣಿಸತಿದ್ದ. ಮುಂದ ಲೈಸನ್ಸ್ ತಗೊಂಡ, ನೌಕರಿ ಹಿಡಿದ, ಕಸ್ತೂರಬಾಯಿನ್ನ ಲಗ್ನ ಆದ, ಅಕ್ಕಲಕೋಟದಾಗ ಮನಿ ಮಾಡಿದ. ನನ್ನ ಗಂಡ ತೀರಿಕೊಂಡ ಮ್ಯಾಲೆ ನಾನೂ ಅವನ ಮನಿಗೇ ಬಂದೆ. ಆ ಮನಿಯೊಳಗೆ ನನ್ನ ಕೆಲಸ ಅಂದರೆ ಸೇಂಗಾ ಸುಲಿಯೂದು, ಮತ್ತ ಎಲ್ಲಾರೂ ಹೇಳಿದ್ದು ಕೇಳೂದು.

ದಾರಿಯೊಳಗೆ ಯಾರಾದರೂ ಕೈ ಎತ್ತಿದರೆ ಬಿಟ್ಟು ಹೋಗೂದು ಕಲ್ಲಣ್ಣಗ ಆಗತಿರಲಿಲ್ಲ. ಹೊರಿ ಹೊತ್ತವರು, ಬಸರಿ ಹೆಣ್ಣಮಕ್ಕಳು, ಸಾಲಿ ಮಕ್ಕಳು, ಎಲ್ಲಾರನ್ನೂ ಹತ್ತಿಸಿಕೊಳ್ಳತಿದ್ದ. ಮಂದಿನೂ ಹಂಗೇ ಇದ್ದರು. ಮಗನಿಗೆ ನೌಕರಿ ಹತ್ತಿತು ಅಂದರೆ ಮೊದಲನೇ ಪೇಢೆ ಡ್ರೈವರಗ. ಅಕ್ಕಲಕೋಟಕ್ಕೆ ದರ್ಶನಕ್ಕೆ ಬಂದವರು ತಿರುಗಿ ಹೋಗುವಾಗ ಪ್ರಸಾದ ಅಂತ ಅವನ ಕೈಯಾಗ ಒಂದು ಇಟ್ಟೇ ಇಳಿಯತಿದ್ದರು. ಪ್ರಸಾದ ಒಲ್ಲೆ ಅನ್ನಾಕ ಬರತದೇನು? ದಿನಾ ಹೋಗೂದು ಬರೂದು ಸೇರಿ ನಾಕು ಖೇಪ, ಖೇಪಿಗೆ ಎರಡು ಪೇಢೆ. ಇಪ್ಪತ್ತೆರಡು ವರ್ಷ.

ತೊಂಬತ್ತಾರನೇ ಇಸವಿ ಫೆಬ್ರುವರಿಯೊಳಗೆ ಡ್ರೈವರಗೋಳ ತಪಾಸಣಿ ಆತು. ರಕ್ತದಾಗ ಸಕ್ಕರಿ ಕಂಡಿತು, ಭಾಳ ಕಂಡಿತು. ಡಾಕ್ಟರು ಗುಳಿಗಿ ಬರದರು, ಒಂದು ಹಾಳಿ ಕೊಟ್ಟರು. ದಿನಕ್ಕೆ ಹದಿನಾರುನೂರು ಕ್ಯಾಲರಿ, ಅದಕ್ಕೂ ಹೆಚ್ಚು ಬ್ಯಾಡ, ಸಿಹಿ ಮುಟ್ಟಬ್ಯಾಡ ಅಂತ. "ಮೂರು ತಿಂಗಳ ಬಿಟ್ಟು ಮತ್ತ ನೋಡ್ತೀನಿ. ಇಳೀಲಿಲ್ಲಂದ್ರ ಸ್ಟೇರಿಂಗ್ ಮುಟ್ಟೂಹಂಗಿಲ್ಲ" ಅಂದರಂತೆ.

ಅವತ್ತು ಮನಿಗೆ ಬಂದವನು ಚಪ್ಪಲಿ ಸೈತ ಬಿಡಲಿಲ್ಲ, ಹೊಸ್ತಿಲ ಮ್ಯಾಲೇ ಕುಂತ.

"ಅಕ್ಕಾ, ಗಾಡಿ ಕಸಗೊಂಡ್ರ ನಾ ಏನ ಮಾಡ್ಲಿ?" ಅಂದ.

"ಡೆಪೋದಾಗ ಬ್ಯಾರೆ ಕೆಲಸ ಕೊಡ್ತಾರಲ್ಲೋ" ಅಂದೆ.

"ಅದು ಕೆಲಸಾ? ಅದು ಕುಂದರೂದು."

ಕಸ್ತೂರಬಾಯಿ ಮರುದಿನವೇ ಸಕ್ಕರಿ ಡಬ್ಬಿ, ಬೆಲ್ಲದ ಪೆಂಟಿ ಎರಡೂ ಎತ್ತಿ ಬಾಜೂ ಮನಿ ಸುಗಲಾಬಾಯಿಗೆ ಕೊಟ್ಟಳು. "ಮನ್ಯಾಗ ಇದ್ರ ಕೈ ಹೋಗ್ತೈತಿ" ಅಂದಳು. ಅಂದಿನಿಂದ ಎಲ್ಲಾರಿಗೂ ಸಪ್ಪನ ಚಹಾ. ನನಗೇನು ಬ್ಯಾನಿ ಇರಲಿಲ್ಲ, ಆದರೂ ಕುಡಿದೆ. ಯುಗಾದಿಗೆ ಹೋಳಿಗಿ ಇಲ್ಲ. ಸಾರಿಗೆ ಬೆಲ್ಲದ ಚೂರು ಇಲ್ಲ. ಅಕಿ ಎರಡೂ ಹೊತ್ತು ರೊಟ್ಟಿ ಎಣಿಸಿ ಬಡದಳು, ಅವನ ತಾಟಿಗೆ ಎಣಿಸಿ ಹಾಕಿದಳು.

ಮಗಳು ಪ್ರಣಿತಾ ಆಗ ಸಾಲ್ಯಾಗ ಹತ್ತನೇ ಯತ್ತೆ. ಅಕಿ ಅಪ್ಪಗ ಕ್ಯಾಲರಿ ಅಂದರೇನು ಅಂತ ಬಿಡಿಸಿ ಹೇಳಿದಳು. "ಪಪ್ಪಾ, ಗಾಡಿಗೆ ಡಿಝೆಲ್ ಇದ್ದಂಗ. ಉಂಡದ್ದೆಲ್ಲಾ ಡಿಝೆಲ್. ಹೆಚ್ಚಾತಂದ್ರ ಮೈಯಾಗ ಉಳೀತೈತಿ." ಇದು ಅವನಿಗೆ ತಟ್ಟನೆ ತಿಳೀತು. ಒಂದು ಸಣ್ಣ ಡಾಯರಿ ತಂದು ಜ್ವಾಳದ ರೊಟ್ಟಿ ಇಷ್ಟು, ಝುಣಕ ಇಷ್ಟು ಅಂತ ಬರೀಲಿಕ್ಕೆ ಹತ್ತಿದ. ಪೇಢೆ ಕೊಟ್ಟವರಿಗೆ ಕೈ ಮುಗಿದು ಕಣ್ಣಿಗೆ ಒತ್ತಿಕೊಂಡು ಶಿವಶರಣಪ್ಪಗ ಕೊಡತಿದ್ದ. ನಾನೂ ಅಂದುಕೊಂಡೆ, ಇಳೀತದ ಬಿಡು.

ಅದೇ ಹೊತ್ತಿಗೆ ಸೋಲಾಪುರ ಸ್ಟ್ಯಾಂಡಿನ ಎದುರಿಗೆ ಒಂದು ಹೊಸ ಫಾಸ್ಟ್ ಫುಡ್ ಅಂಗಡಿ ತೆರೀತು. ಗಾಜಿನ ಬಾಗಿಲು, ಒಳಗೆ ತಂಪು ಗಾಳಿ. ಮಾಲಕ ಕೌಶಿಕ ಅಂತ, ಎಳೇ ವಯಸ್ಸಿನವ. ನಮ್ಮ ಬೇವಿನ ಗಿಡದ ನಿಂಗಣ್ಣ ಅಲ್ಲೇ ಐಸ್ಕ್ರೀಮ್ ಹಾಕಾಕ ನಿಂತ. ಅಲ್ಲಿ ಗ್ವಾಡಿಗೆ ಒಂದು ಬಣ್ಣದ ಕಾರ್ಡ್. ಪ್ರತಿ ತಿನಿಸಿನ ಮುಂದ ಅದರ ಕ್ಯಾಲರಿ ಛಾಪಿಸಿತ್ತು. ರಬಡಿ ಐಸ್ಕ್ರೀಮ್ ಕಪ್ ಒಂದಕ್ಕೆ ನೂರಾ ಎಂಬತ್ತು.

ಕಲ್ಲಣ್ಣ ಅದನ್ನ ಓದಿದ. ಹಾಳಿಯೊಳಗೆ "ಸಿಹಿ ಮುಟ್ಟಬ್ಯಾಡ" ಅಂತ ಇದ್ದದ್ದು ಅವನಿಗೆ ಕಾಣಲಿಲ್ಲ, ಹದಿನಾರುನೂರು ಅಂತ ಇದ್ದದ್ದು ಕಂಡಿತು. ಡಬ್ಬಿಯೊಳಗಿನ ಒಂದು ರೊಟ್ಟಿ ಬಿಟ್ಟರೆ ಒಂದು ಕಪ್ಪಿಗೆ ಸರಿ. ಮಧ್ಯಾಹ್ನ ಸೋಲಾಪುರ ಮುಟ್ಟಿದ ಮ್ಯಾಲೆ ಅವನಿಗೆ ಅರ್ಧ ತಾಸು ಬಿಡುವು. ದಿನಾ ಒಂದು ಕಪ್, ದಿನಾ ಡಾಯರಿಯೊಳಗೆ ನೂರಾ ಎಂಬತ್ತು. ಕದ್ದು ತಿನ್ನಲಿಲ್ಲ ನೋಡ್ರಿ. ತಿಂದದ್ದನ್ನ ಮನಿಗೆ ಬಂದು ಹೇಳತಿದ್ದ.

"ಬ್ಯಾಡ್ರಿ ಅದು" ಅಂದಳು ಕಸ್ತೂರಬಾಯಿ.

"ಛಾಪಿಸ್ಯಾರ ಲೇ! ಸುಳ್ಳ ಛಾಪಿಸಾಕ ಅವರಿಗೇನ ಹುಚ್ಚ ಹಿಡದೈತಿ? ಒಂದು ರೊಟ್ಟಿ ಬಿಟ್ಟೀನಿ, ಲೆಕ್ಕ ಬರೋಬರ್ ಐತಿ."

ಏಪ್ರಿಲ್ ಅರ್ಧಕ್ಕೆ ಊರ ಲ್ಯಾಬಿನೊಳಗೆ ರಕ್ತ ತೋರಿಸಿದ. ಇಳಿದಿರಲಿಲ್ಲ. ಏರಿತ್ತು.

ಅವತ್ತು ಆ ಮನಿಯೊಳಗೆ ನಾನು ಕೇಳಬಾರದ ಮಾತು ಕೇಳಿದೆ. ಡಾಯರಿ ತಂದು ಕಸ್ತೂರಬಾಯಿಯ ಮುಂದ ಒಗೆದ. "ನಂದು ಎಲ್ಲಾ ಬರದೈತಿ. ಹೊರಗಿಂದಕ್ಕ ಕಾರ್ಡ್ ಐತಿ. ನಿನ್ನ ಅಡಿಗಿಗೆ ಯಾವ ಕಾರ್ಡ್ ಐತಿ? ಖರೇ ಹೇಳು, ಬ್ಯಾಳ್ಯಾಗ ಬೆಲ್ಲ ಹಾಕ್ತಿ ಹೌದಿಲ್ಲೋ? ರುಚಿ ಕೆಡ್ತೈತಿ ಅಂತ ಹಾಕ್ತಿ."

ಅಕಿ ಹಂಚಿನ ಮ್ಯಾಲಿನ ರೊಟ್ಟಿ ತಿರುವಿದಳು. ಮಲಗೂ ಹೊತ್ತಿಗೆ ನನ್ನ ಹತ್ತಿರ ಬಂದು ಕುಂತಳು. "ಅಕ್ಕಾರ, ಎರಡು ತಿಂಗಳಾತು ನನ್ನ ಬಾಯಾಗೂ ಸಿಹಿ ಹಾಕಿಲ್ಲರಿ. ಅವರು ಬಿಟ್ಟಾರಂತ. ಇನ್ನ ಏನ ತೋರಸ್ಲಿ?" ಅಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ದಣಿದಿದ್ದಳು.

ಮುಂದಿನ ವಾರ ನಾನು ಸೋಲಾಪುರದಾಗ ನಮ್ಮ ಚಿಗವ್ವನ ಮನಿಗೆ ಹೋಗಿದ್ದೆ. ತಿರುಗಿ ಬರೂದು ಕಲ್ಲಣ್ಣನ ಗಾಡಿಯೊಳಗೇ. ಅವತ್ತಿನ ಬಿಸಲು, ಡಾಂಬರು ಚಪ್ಪಲಿಗೆ ಅಂಟತಿತ್ತು. "ಬಾ ಅಕ್ಕಾ, ತಂಪಿನಾಗ ಕುಂದ್ರು" ಅಂತ ಆ ಅಂಗಡಿಗೆ ಕರಕೊಂಡು ಹೋದ. ತಾನು ಶಿವಶರಣಪ್ಪನ ಸಂಗಾಟ ಟೇಬಲ್ಲಿಗೆ ಕುಂತು, ನಿಂಗಣ್ಣನ ಕಡೆ ಬೆನ್ನು ಮಾಡಿ ಮಾತಿಗೆ ಹತ್ತಿದ. ನಾನು ಐಸ್ಕ್ರೀಮ್ ಹಾಕೋ ಕಟ್ಟಿ ಹತ್ತಿರದ ಕುರ್ಚಿಯೊಳಗೆ ಕುಂತು ನೋಡಿದೆ. ನೋಡೂದು ಬಿಟ್ಟರೆ ನನಗೇನು ಕೆಲಸ?

ನಮಗಿಂತ ಮೊದಲು ಒಬ್ಬಾಕಿ ಕಾಲೇಜ ಹುಡುಗಿ ಅದೇ ರಬಡಿ ಕಪ್ ಕೇಳಿದಳು. ನಿಂಗಣ್ಣ ದುಂಡನ ಚಮಚದಿಂದ ಒಂದು ಉಂಡಿ ತಗದ, ಅಂಚಿಗೆ ಒರಸಿ ಮಟ್ಟ ಮಾಡಿದ, ಕಪ್ಪಿಗೆ ಬಿಟ್ಟ, ಮ್ಯಾಲೆ ಒಂದು ಸಣ್ಣ ಚಮಚ ರಬಡಿ. ಆತು. ಆಮ್ಯಾಲೆ ಕಲ್ಲಣ್ಣನ ಕಪ್. ಮೊದಲು ತಳಕ್ಕೆ ರಬಡಿ. ಅದರ ಮ್ಯಾಲೆ ಒಂದು ಉಂಡಿ, ಹೆಬ್ಬಟ್ಟಿನಿಂದ ಒತ್ತಿದ. ಇನ್ನೊಂದು, ಅದನ್ನೂ ಒತ್ತಿದ. ಮೂರನೇದು ಗೋಪುರ. ಮತ್ತ ರಬಡಿ, ಮತ್ತ ಸಕ್ಕರಿ ಪಾಕ, ಗ್ವಾಡಂಬಿ.

ನಾನು ಸಣ್ಣ ದನಿಯೊಳಗೆ ಕೇಳಿದೆ. "ನಿಂಗಣ್ಣಾ, ಆ ಹುಡುಗಿಗೆ ಒಂದು, ಇವಗ ಮೂರಾ?"

ಅಂವ ನಕ್ಕ. "ಯವ್ವಾ, ಅಕಿ ಗಿರಾಕಿ. ಅಣ್ಣಾ ನನಗ ದಿನಾ ಗಾಡಿ ನಿಂದರಸ್ತಾನ. ಅವನ ಕಪ್ಪಿಗೆ ಅಳತಿ ಹಿಡದ್ರ ನಾ ಮನಷ್ಯಾ ಏನು?"

"ಅಂಗಡ್ಯಾವ ಏನೂ ಅನ್ನೂದಿಲ್ಲಾ?"

"ಶೇಟಗೂ ಹೇಳೀನಿ. ಹಾಕು ಅಂದಾನ. ಡ್ರೈವರ ಮಂದಿ ಕುಂತ್ರ ನಾಕು ಪ್ರವಾಸಿ ಬರ್ತಾರ."

"ಮತ್ತ ಆ ಕಾರ್ಡ್?"

"ಅದು ಪುಣೆದಾಗಿನ ಒಂದು ಅಂಗಡೀದು. ಚಂದ ಕಾಣ್ತೈತಿ ಅಂತ ಶೇಟ ತಂದು ಅಂಟಿಸ್ಯಾನ. ಅಲ್ಲಿ ಅದೇನೋ ಹಾಲಿನ ಪುಡಿ ಮಾಲಂತ. ನಾವು ಎಮ್ಮಿ ಹಾಲ ಕಾಯಸ್ತೀವಿ, ಯವ್ವಾ. ಚಲೋ ಮಾಲ್!"

ಹಂಗಾದರೆ ಆ ಹುಡುಗಿಯ ಕಪ್ಪಿನ ಲೆಕ್ಕವೂ ಸುಳ್ಳೇ. ಒಬ್ಬನೂ ಬೇಕಂತ ಮೋಸ ಮಾಡಿರಲಿಲ್ಲ. ಯಾರನ್ನ ಬಯ್ಯಲಿ?

ಅಲ್ಲಿ ನಾನು ಕಲ್ಲಣ್ಣಗ ಹೇಳಲಿಲ್ಲ. ನಾಕು ಮಂದಿ ಮುಂದ, ಅವನ ಕೈಯಾಗ ಚಮಚ ಇದ್ದಾಗ, ಹೆಂಗ ಹೇಳೂದು? ಮನಿಗೆ ಬಂದ ಮ್ಯಾಲೆ, ಕಸ್ತೂರಬಾಯಿ ಎದುರಿಗಿದ್ದಾಗ ಹೇಳಿದೆ. ಕಂಡದ್ದಷ್ಟೂ ಹೇಳಿದೆ, ಹೆಬ್ಬಟ್ಟಿನಿಂದ ಒತ್ತಿದ್ದು ಸೈತ.

ಕಲ್ಲಣ್ಣ ಒಪ್ಪಲಿಲ್ಲ. "ಅಕ್ಕಾ, ನಿನಗ ಓದಾಕ ಬರೂದಿಲ್ಲ. ಕಾರ್ಡಿನ ಮ್ಯಾಲೆ ಕಪ್ಪಿಗೆ ಅಂತ ಬರದೈತಿ. ಕಪ್ ಒಂದ ಐತಲ್ಲ?"

ಡಾಯರಿ ಒಗೆದ ದಿನದಿಂದ ಸುಮ್ಮನಿದ್ದ ಕಸ್ತೂರಬಾಯಿ ಆಗ ಮಾತಾಡಿದಳು. "ನಿಮ್ಮ ಗಾಡ್ಯಾಗ ಎಷ್ಟು ಮಂದಿ ಅಂತ ಬರದೈತಿರಿ?"

"ಕುಂತವರು ಐವತ್ತು, ನಿಂತವರು ಹನ್ನೊಂದು."

"ಇವತ್ತ ಮುಂಜಾನಿ ಖೇಪಿಗೆ ಎಷ್ಟ ಹತ್ತಿದ್ರು?"

ಅಂವ ಎದ್ದು ನಿಂತ.

"ಹೇಳ್ರಿ. ಗಾಡಿ ಒಂದ ಐತಲ್ಲ?"

ಪ್ರಣಿತಾ ಬಾಯಿಗೆ ಓಡಣಿ ಒತ್ತಿಕೊಂಡು ನಕ್ಕಳು. ಅಂವ ನಗಲಿಲ್ಲ. ತೊಂಬತ್ತು ಇರಬೇಕು ಅಂತ ಗೊಣಗಿ ಹೊರಗೆ ಹೋಗಿ ಕುಂತ. ತಪಾಸಣಿಗೆ ಇನ್ನ ಹದಿನೆಂಟು ದಿನ ಇತ್ತು.

ಮರುದಿನ ಅಂಗಡಿಯೊಳಗೆ ನಡೆದದ್ದನ್ನ ಶಿವಶರಣಪ್ಪ ಬಂದು ನನಗೆ ಹೇಳಿದ. ಕಲ್ಲಣ್ಣ ಕಟ್ಟಿ ಹತ್ತಿರ ನಿಂತು, "ನಿಂಗಣ್ಣಾ, ಕಾರ್ಡಿನಾಗ ಇದ್ದಷ್ಟ ಹಾಕು, ಮಟ್ಟಸ" ಅಂದನಂತೆ. ನಿಂಗಣ್ಣನ ಮಾರಿ ಸಣ್ಣದಾತಂತೆ. ಒಂದು ಉಂಡಿ ಹಾಕಿ ಕೊಟ್ಟ. ಕಲ್ಲಣ್ಣ ಅದನ್ನ ಭಾಳ ಹೊತ್ತು ನೋಡಿದ. ಇಷ್ಟು ದಿನ ತಾನು ತಿಂದದ್ದೇನು ಅಂತ ಅವನಿಗೆ ಆಗ ತಿಳಿದಿರಬೇಕು. ಮುಟ್ಟದೆ ಅಲ್ಲೇ ಬಿಟ್ಟು ಬಂದ. ಆಮ್ಯಾಲೆ ಆ ಬಾಗಿಲು ತುಳಿಯಲಿಲ್ಲ.

ಆದರೆ ನಿಂಗಣ್ಣ ತಿಳಕೊಂಡದ್ದೇ ಬ್ಯಾರೆ. ಅಣ್ಣಾ ಸಿಟ್ಟಾಗ್ಯಾನ ಅಂತ ತಿಳಕೊಂಡ. ಮೂರನೇ ದಿನ ಬೇವಿನ ಗಿಡದ ಹತ್ತಿರ ಹತ್ತುವಾಗ ಒಂದು ದೊಡ್ಡ ಸ್ಟೀಲ್ ಡಬ್ಬಿ ತಂದು ಡ್ರೈವರ ಸೀಟಿನ ಬಾಜೂ ಇಟ್ಟ. "ಮನ್ಯಾಗ ನನ್ನ ಹೇಣತಿ ಮಾಡ್ಯಾಳ್ರಿ ಅಣ್ಣಾ. ಗಿಣ್ಣದ ಹಾಲಿಗೆ ಬೆಲ್ಲ ಹಾಕಿದ ಖರ್ವಸ. ಎಮ್ಮಿ ಈದೈತಿ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕೋರಿ."

"ನನಗ ಸಕ್ಕರಿ ಬ್ಯಾನಿ ಐತೋ ಮಾರಾಯಾ!" ಅಂದ ಕಲ್ಲಣ್ಣ. ಇಡೀ ಗಾಡಿಗೆ ಕೇಳಿಸೂಹಂಗ. ಅಲ್ಲೀತನಕ ಅವನು ಆ ಮಾತನ್ನ ಹೊರಗಿನವರ ಮುಂದ ಆಡಿರಲಿಲ್ಲ. ಡ್ರೈವರಗ ಬ್ಯಾನಿ ಐತಿ ಅಂದರೆ ಮಂದಿ ಏನಂದಾರು ಅಂತ. ನಿಂಗಣ್ಣ ನಿಂತಲ್ಲೇ ನಿಂತನಂತೆ. "ಮೊದಲ ಹೇಳಬಾರದೇನ್ರಿ ಅಣ್ಣಾ... ನಾನ ಹಾಕೀನಲ್ಲರಿ ಇಷ್ಟು ದಿನ" ಅಂತ ಅಂದು, ಸೋಲಾಪುರ ಬರೂತನಕ ತಲಿ ಎತ್ತಲಿಲ್ಲ. ಖರ್ವಸ ನಮ್ಮ ಮನಿಗೆ ಬಂತು. ಕಸ್ತೂರಬಾಯಿ ಮುಚ್ಚಳ ಸೈತ ತಗೀಲಿಲ್ಲ, ಸುಗಲಾಬಾಯಿಗೆ ಕೊಟ್ಟಳು. ನನಗೂ ಒಂದು ತುಂಡು ಇಡಲಿಲ್ಲ.

ಹದಿನೈದು ದಿನ ಅಂವ ಅರೆಹೊಟ್ಟಿ ಉಂಡ. ಮುಂಜಾನಿ ಕೆರಿತನಕ ನಡೆದು ಬಂದ. ಇಷ್ಟು ಮಾಡಿದರೆ ಇಳೀಬೇಕು ಅಂತ ಅವನಿಗೂ, ನನಗೂ. ತಪಾಸಣಿ ದಿನ ಡಾಯರಿನೂ ಸಂಗಾಟ ಒಯ್ದ. ಡಾಕ್ಟರು ನಾಕು ಹಾಳಿ ತಿರುವಿದರಂತೆ.

"ಈ ನೂರಾ ಎಂಬತ್ತು ಯಾರ ಹೇಳಿದ್ದು?"

"ಅಂಗಡೀ ಕಾರ್ಡ್ ರಿ, ಸಾಹೇಬ್ರ."

"ಅಳದು ಮಾಡಿದವರ ಅಂಕಿನೂ ಅಂದಾಜೇ ಇರ್ತೈತಿ. ಹಾಕೋ ಕೈ ಬದಲಾತಂದ್ರ ಅದೂ ಇಲ್ಲ. ಅಂಕಿ ಖರೇ ಇದ್ರೂ, ನಾ ಸಿಹಿ ಬ್ಯಾಡ ಅಂದಿದ್ದೆ. ಅದನ್ನ ಯಾಕ ಓದಲಿಲ್ಲ?"

ಸಕ್ಕರಿ ಸ್ವಲ್ಪ ಇಳಿದಿತ್ತು, ಸಾಲದಷ್ಟು. ಆರು ತಿಂಗಳು ಸ್ಟೇರಿಂಗ್ ಇಲ್ಲ, ಹಗುರ ಕೆಲಸ ಅಂತ ಬರದು ಕೊಟ್ಟರು. ಆರು ತಿಂಗಳಾದ ಮ್ಯಾಲೆ ಮತ್ತ ನೋಡೂದು.

ಡೆಪೋದಾಗ ಟಾಯರಿಗೆ ಗಾಳಿ ನೋಡೋ ಕಡೆ ಹಾಕಿದರು. ತಾನು ನಡೆಸಿದ ಗಾಡಿ ಬ್ಯಾರೆಯವರು ತಂದು ನಿಲ್ಲಿಸತಿದ್ದರು, ಇವನು ಬಗ್ಗಿ ಗಾಳಿ ನೋಡತಿದ್ದ. ಮೊದಲನೇ ದಿನ ಹೊತ್ತು ಮುಳುಗೂ ಮುಂಚೆ ಮನಿಗೆ ಬಂದ. ಅಷ್ಟು ಲಗೂ ಬಂದದ್ದು ನಾನು ಕಂಡಿರಲಿಲ್ಲ. ಕೈಕಾಲು ತೊಳಕೊಂಡು ಒಲಿ ಮುಂದ ಕುಂತ. ಕಸ್ತೂರಬಾಯಿ ಒಂದು ರೊಟ್ಟಿ ಹಾಕಿದಳು, ಮೆಂತ್ಯಾ ಪಲ್ಯ ಹಾಕಿದಳು. ಅಂವ ಡಾಯರಿ ತಗೀಲಿಲ್ಲ. ಅಕಿಗೆ ಅಂದ ಮಾತಿಗೆ ತಪ್ಪಾತು ಅಂತ ಅವತ್ತೂ ಅನ್ನಲಿಲ್ಲ, ಆಮ್ಯಾಲೂ ಅನ್ನಲಿಲ್ಲ. ಗಂಡಸರು ಅಂತಾರೇನು?

ಉಂಡಾದ ಮ್ಯಾಲೆ ತಾಟಿನ ಮುಂದ ಹಂಗೇ ಕುಂತಿದ್ದ.

"ಇನ್ನೊಂದು ತಿನ್ಲೇನ?" ಅಂತ ಕೇಳಿದ. ಸಾಲಿ ಹುಡುಗ ಕೇಳಿದಂಗ.

ಕಸ್ತೂರಬಾಯಿ ಅವನ ಮಾರಿ ನೋಡಿದಳು, ಬುಟ್ಟಿ ನೋಡಿದಳು. "ಅರ್ಧ" ಅಂದಳು.

ಮುರಿದು ಹಾಕಿದಳು. ಉಳಿದ ಅರ್ಧ ತನ್ನ ತಾಟಿಗೆ ಹಾಕಿಕೊಂಡು ತಾನೂ ಉಣ್ಣಾಕ ಕುಂತಳು.