ಬೆಟ್ಟ ಬಲ್ಲ ಕಿರಿನು

ಬೆಟ್ಟದ ವಿಷಯ ಏನೇ ಇರಲಿ, ಬಂಗಯೇರದವರು ಕಿರಿನುವನ್ನೇ ಕೇಳುತ್ತಿದ್ದರು. ಫೋಗು ದ್ವೀಪದ ಜ್ವಾಲಾಮುಖಿಯ ಬುಡದಲ್ಲಿ, ಅದೇ ಉಗುಳಿದ ಕರಿಬೂದಿಯಲ್ಲಿ ಗುಂಡಿ ತೋಡಿ ದ್ರಾಕ್ಷಿ ಬೆಳೆದುಕೊಂಡಿದ್ದ ಊರು ಅದು. ತೊಂಬತ್ತೈದರಲ್ಲಿ ಬೆಟ್ಟ ಬಿರಿದಾಗ ಕಿರಿನು ಇನ್ನೂ ಹೊಸದಾಗಿ ಮದುವೆಯಾದವನು. ಊರೆಲ್ಲ ಗಂಟುಮೂಟೆ ಕಟ್ಟುತ್ತಿದ್ದಾಗ ಅವನು ನೀರಿನ ತೊಟ್ಟಿಯ ಮೇಲೆ ಹತ್ತಿ ನಿಂತು, "ಇದು ಪಡುವಣಕ್ಕೆ ತಿರುಗತ್ತೆ, ನಮ್ಮ ಕಡೆ ಬರಲ್ಲ" ಅಂದುಬಿಟ್ಟಿದ್ದ. ಹಾಗೆ ಹೇಳಲು ಅವನ ಬಳಿ ಕಾರಣವೇನೂ ಇರಲಿಲ್ಲ. ಹೊಸ ಹೆಂಡತಿ ಎರ್ಮೆಲಿಂದಳ ಎದುರು ಧೈರ್ಯವಂತನಂತೆ ಕಾಣಬೇಕಿತ್ತು, ಅಷ್ಟೆ. ಬೆಂಕಿಯ ಹೊಳೆ ನಿಜವಾಗಿಯೂ ಪಡುವಣಕ್ಕೆ ತಿರುಗಿತು. ಅಲ್ಲಿಂದ ಅವನು ಬೆಟ್ಟ ಬಲ್ಲ ಕಿರಿನು ಆದ.

ಆ ಹೆಸರು ಅವನಿಗೆ ಚೆನ್ನಾಗಿ ಒಗ್ಗಿತು. ನೆತ್ತಿಯ ಮೇಲೆ ಹೊಗೆ ಕಂಡರೆ ಸಾಕು, ಊರವರು ಅವನ ಬಾಗಿಲಿಗೆ ಬರುತ್ತಿದ್ದರು. ಅವನು ಟೋಪಿ ಸರಿಪಡಿಸಿಕೊಂಡು, ಕಣ್ಣು ಕಿರಿದು ಮಾಡಿ ಮೇಲೆ ನೋಡಿ, ಏನಾದರೊಂದು ಹೇಳುತ್ತಿದ್ದ. ಬೆಟ್ಟ ಸುಮ್ಮನಿದ್ದಷ್ಟು ಕಾಲ ಅವನ ಮಾತು ಸುಳ್ಳಾಗಲಿಲ್ಲ. ಕೂದಲು ನರೆಯುವ ಹೊತ್ತಿಗೆ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವನನ್ನು ಗೌರವದಿಂದ ನ್ಯೋ ಕಿರಿನು ಎನ್ನುತ್ತಿದ್ದರು. ತಾನು ಬಲ್ಲವನೆಂದು ಅವನೂ ನಂಬಿಬಿಟ್ಟಿದ್ದ.

ಎರಡು ಸಾವಿರದ ಹದಿನಾಲ್ಕರ ನವೆಂಬರಿನ ಒಂದು ಭಾನುವಾರ, ಇಗರ್ಜಿಯ ಪೂಜೆಗೆ ಹೊರಡುವ ಹೊತ್ತಿನಲ್ಲಿ, ಬೆಟ್ಟದ ಸೊಂಟ ಸೀಳಿತು. ಈ ಸಲ ಹೊಳೆ ನೇರವಾಗಿ ಮೇಲಿನ ಊರಾದ ಪೋರ್ತೆಲದತ್ತ ಬಂತು. ಬಂದದ್ದು ಆಮೆಯ ನಡಿಗೆಯಲ್ಲಿ. ಕೆಂಡದ ಗೋಡೆಯೊಂದು ಮುಂದಿನ ಕಲ್ಲುಗಳನ್ನು ಉರುಳಿಸಿಕೊಂಡು, ಮಡಕೆಗಳ ರಾಶಿ ಕುಸಿದಂತೆ ಸದ್ದು ಮಾಡುತ್ತ, ಒಂದು ಮನೆ ನುಂಗಿ, ಒಂದಷ್ಟು ಹೊತ್ತು ನಿಂತು, ಮತ್ತೊಂದು ಮನೆಗೆ ಬರುತ್ತಿತ್ತು. ಜನಕ್ಕೆ ಬಾಗಿಲು ಕಿಟಕಿಗಳನ್ನೂ ಕಿತ್ತುಕೊಳ್ಳುವಷ್ಟು ಬಿಡುವಿತ್ತು.

ಪೋರ್ತೆಲದ ಬಿಬಿಯಾನ ವಿಧವೆ. ಅವಳ ಮಗಳ ಜ್ಞಾನಸ್ನಾನದಲ್ಲಿ ಕಿರಿನು ಧರ್ಮಪಿತನಾಗಿ ನಿಂತಿದ್ದ. ಹಾಗಾಗಿ ಅವಳಿಗೆ ಅವನು ಕುಂಪಾದ್ರಿ, ಅವನಿಗೆ ಅವಳು ಕುಮಾದ್ರಿ. ಬೆಂಕಿ ತನ್ನ ಅಂಗಳದ ಅಂಚಿಗೆ ಬಂದಾಗ ಅವಳು ಕತ್ತೆಯ ಮೇಲೆ ಹೊಲಿಗೆ ಯಂತ್ರ ಹೇರಿಕೊಂಡು ಅವನ ಮನೆಗೆ ಬಂದಳು.

"ಕುಂಪಾದ್ರಿ, ಇದನ್ನ ಕೆಳಗೆ ಕಡಲ ಕಡೆ ಸಾಗಿಸಿಬಿಡಲಾ?"

"ಕಡಲ ಕಡೆ ಯಾಕೆ, ಮೀನಿಗೆ ಲಂಗ ಹೊಲಿತೀಯಾ? ನಮ್ಮನೆ ದಿಣ್ಣೆ ಮೇಲಿದೆ. ಬಂಗಯೇರಕ್ಕೆ ಅದು ಬರಲ್ಲ. ತಂದು ಹಾಕು."

"ಬರಲ್ಲ ಅಂತೀಯಾ?"

"ನಾನು ಹೇಳ್ತಿದೀನಲ್ಲ."

ಆ ಮಾತು ಪೋರ್ತೆಲದ ತುಂಬ ಹರಡಿತು. ನ್ಯೋ ಕಿರಿನು ಹೇಳಿದ ಮೇಲೆ ಇನ್ನೇನು? ಮಂಚ, ತೊಟ್ಟಿಲು, ಪಿಟೀಲು, ಮಾತೆ ಮರಿಯಳ ಮೂರ್ತಿ, ಚೀಲಗಟ್ಟಲೆ ಜೋಳ, ಹುರುಳಿ, ದ್ರಾಕ್ಷಾರಸದ ಪೀಪಾಯಿ, ಎಲ್ಲ ಅವನ ಮನೆ ಸೇರಿದವು. ಬಿಬಿಯಾನ ಬಾಗಿಲು ಕಿತ್ತು ತಂದಳು, ಪೆಟ್ಟಿಗೆ ತಂದಳು, ಕೊನೆಗೆ ಸತ್ತ ಗಂಡನ ಪಟವನ್ನು ತಲೆವಸ್ತ್ರದಲ್ಲಿ ಸುತ್ತಿ ತಂದು ಕಿರಿನುವಿನ ಕೈಗೇ ಕೊಟ್ಟಳು. ಅವನು ಅದನ್ನು ತನ್ನ ಮಂಚದ ತಲೆದೆಸೆಗೆ ತೂಗುಹಾಕಿದ. ಕಾಲಿಡಲು ಜಾಗವಿಲ್ಲದ ಮನೆಯಲ್ಲಿ ಎರ್ಮೆಲಿಂದ ಅಡ್ಡಡ್ಡ ನಡೆಯುತ್ತ ಅಂದಳು:

"ಇಷ್ಟು ಜನರ ಬದುಕು ತಂದು ಇಲ್ಲಿ ತುಂಬಿದ್ಯಲ್ಲ ಕಿರಿನು, ನನಗ್ಯಾಕೋ ಎದೆ ಭಾರ ಆಗ್ತಿದೆ."

"ಜೋಳದ ಚೀಲ ಭಾರ ಇರತ್ತೆ, ಎದೆ ಅಲ್ಲ," ಅಂದ ಅವನು.

ಪೋರ್ತೆಲ ಪೂರ್ತಿ ಮುಳುಗಿದ ಮರುದಿನ ಬೆಳಗ್ಗೆ ಸರ್ಕಾರದ ಲಾರಿಯೊಂದು ಬಂಗಯೇರಕ್ಕೆ ಬಂತು. ಅದರಿಂದಿಳಿದ ಅಧಿಕಾರಿ, ಎಳೆ ಮುಖದವನು, ಕಿರಿನುವಿನ ಮನೆಯಲ್ಲಿದ್ದುದನ್ನೆಲ್ಲ ಈಗಲೇ ಕೆಳಗೆ ಸಾಗಿಸೋಣ ಎಂದ. ಹೊಳೆ ಇಳಿಜಾರಿಗೆ ಬಿದ್ದರೆ ಓಡತೊಡಗುತ್ತದೆ, ಆಮೇಲೆ ಕೈಗೆ ಸಿಗುವುದಿಲ್ಲ ಎಂದ. ಅಂಗಳದ ತುಂಬ ಜನ ನಿಂತಿದ್ದರು. ಎಲ್ಲರೂ ಕಿರಿನುವಿನ ಮುಖ ನೋಡಿದರು.

ಆ ಕ್ಷಣ ಅವನಿಗೆ ಹೂಂ ಅನ್ನುವುದು ಏನೂ ಕಷ್ಟವಿರಲಿಲ್ಲ. ಒಳಗೆಲ್ಲೋ ಅಳುಕೂ ಇತ್ತು. ಆದರೆ ಆ ಮುಖಗಳ ಮುಂದೆ, ಮೀಸೆ ಬಾರದ ಹುಡುಗನೊಬ್ಬನ ಮಾತಿಗೆ ತಲೆಯಾಡಿಸುವುದು ಹೇಗೆ?

"ಸ್ವಾಮಿ, ನೀವು ಹುಟ್ಟೋಕೆ ಮುಂಚಿನಿಂದ ನಾನು ಈ ಬೆಟ್ಟದ ಜೊತೆ ಸಂಸಾರ ಮಾಡ್ತಿದೀನಿ," ಅಂದ. "ಹೆಂಡ್ತಿ ಯಾವಾಗ ಸಿಟ್ಟಾಗ್ತಾಳೆ ಅಂತ ನೆಂಟರನ್ನ ಕೇಳ್ಬೇಕಾ? ಲಾರಿ ಬೇಕಾದೋರು ಬೇರೆ ಕಡೆ ಇದಾರೆ, ಅಲ್ಲಿಗೆ ಹೋಗಿ."

ಅಂಗಳ ನಕ್ಕಿತು. ಬಿಬಿಯಾನಳೂ ನಕ್ಕಳು. ಚಾಲಕ ಹೆಗಲು ಕುಣಿಸಿ ಗಾಡಿ ತಿರುಗಿಸಿದ. ಲಾರಿ ಖಾಲಿಯೇ ಹೋಯಿತು.

ಅಂದು ಮಧ್ಯಾಹ್ನ ಹೊಳೆ ಇಳಿಜಾರಿಗೆ ಬಿತ್ತು. ಮೇಲಿನ ಊರಿನಲ್ಲಿ ತೆವಳುತ್ತಿದ್ದದ್ದು ಇಲ್ಲಿ ಕುದಿವ ಗಂಜಿಯಂತೆ ತೆಳ್ಳಗಾಗಿ, ದ್ರಾಕ್ಷಿ ತೋಟಗಳ ನಡುವೆ ದಾರಿ ಮಾಡಿಕೊಂಡು ಹರಿದುಬಂತು. ಗಂಧಕದ ಹೊಗೆಗೆ ಉಸಿರು ಕಟ್ಟಿತು. ಕೂಗಾಟ ಕೇಳಿ ಕಿರಿನು ಒಳಗೆ ನುಗ್ಗಿದ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಹೊಲಿಗೆ ಯಂತ್ರಕ್ಕೆ ಕೈ ಹಾಕಿದ, ಅದು ಮಂಚಗಳ ನಡುವೆ ಸಿಕ್ಕಿಕೊಂಡಿತ್ತು. ಎರ್ಮೆಲಿಂದ ಬಂದು ತೋಳು ಹಿಡಿದು ಎಳೆದಳು. ಇಬ್ಬರೂ ಉಳಿದವರ ಹಿಂದೆ, ಊರನ್ನು ಸುತ್ತುವರಿದ ಬಂಡೆಗೋಡೆಯ ಬುಡದವರೆಗೂ ಓಡಿದರು.

ಅಲ್ಲಿ ನಿಂತು ಏದುಸಿರು ಬಿಡುವಾಗ ಅವನಿಗೆ ತನ್ನ ಕೈಯಲ್ಲೇನೋ ಇದೆ ಎನ್ನಿಸಿತು. ನೋಡಿಕೊಂಡ. ಭಾನುವಾರದ ಟೋಪಿ. ಅಷ್ಟು ಮನೆಗಳ ಬದುಕು ತುಂಬಿದ್ದ ಮನೆಯಿಂದ ಅವನು ತನ್ನ ಟೋಪಿಯೊಂದನ್ನು ಎತ್ತಿಕೊಂಡು ಬಂದಿದ್ದ. ಎಲ್ಲರೂ ಅದನ್ನು ನೋಡಿದ್ದರು. ಅದನ್ನು ಹಾಕಿಕೊಳ್ಳಲೂ ಆಗಲಿಲ್ಲ, ಅವರೆದುರು ಎಸೆಯಲೂ ಆಗಲಿಲ್ಲ. ಹಿಂದೆ ಮುಚ್ಚಿಟ್ಟುಕೊಂಡು ನಿಂತ.

ದಿಣ್ಣೆಯ ಮೇಲೆ ಅವನ ಮನೆಯ ಗೋಡೆ ಉಬ್ಬಿ ಬಿರಿಯಿತು. ತಾರಸಿ ಒಂದು ಕಡೆ ವಾಲಿ ಕೂತಿತು. ಒಳಗೆ ಪೀಪಾಯಿಗಳು ಸಿಡಿದ ಸದ್ದು ಕೇಳಿತು. ಬೆಂದ ದ್ರಾಕ್ಷಾರಸದ ಸಿಹಿ ವಾಸನೆ ಅಲ್ಲಿಯವರೆಗೂ ಬಂತು. ಯಾರೂ ಅವನ ಕಡೆ ತಿರುಗಲಿಲ್ಲ. ತಿರುಗಿ ಎರಡು ಬೈದಿದ್ದರೆ ಚೆನ್ನಾಗಿತ್ತು.

ಕೆಳಗೆ ಕಡಲ ಕಡೆಯ ಊರಿನಲ್ಲಿ ಸರ್ಕಾರ ಹಾಕಿಸಿದ ಗುಡಾರಗಳಲ್ಲಿ ಎಲ್ಲರೂ ಅವನಿಗೆ ಸಮಾಧಾನ ಹೇಳಿದರು. "ಬೆಟ್ಟ ಮಾಡಿದ್ದಕ್ಕೆ ನೀವೇನ್ ಮಾಡ್ತೀರಿ ನ್ಯೋ ಕಿರಿನು, ನಿಮ್ಮ ಮನೇನೂ ಹೋಯ್ತಲ್ಲ." ಅಂಥ ಒಂದೊಂದು ಮಾತಿಗೂ ಅವನು ಒಂದೊಂದು ಗೇಣು ಕುಗ್ಗುತ್ತಿದ್ದ. ಊಟದ ಸಾಲಿಗೆ ಹೋಗುತ್ತಿರಲಿಲ್ಲ, ಎರ್ಮೆಲಿಂದಳೇ ತಟ್ಟೆ ತಂದುಕೊಡುತ್ತಿದ್ದಳು. ನೀರಿಗೆ ಹೋಗುವಾಗ ಗುಡಾರಗಳ ಹಿಂದಿನಿಂದ, ಮುಳ್ಳುಜಾಲಿಗಳ ನಡುವೆ ಸುತ್ತಿ ಹೋಗುತ್ತಿದ್ದ. ರಾಜಧಾನಿಯಿಂದ ಬಂದ ಟೀವಿಯವರು ಒಮ್ಮೆ, ಇಲ್ಲಿ ಬೆಟ್ಟದ ಬಗ್ಗೆ ತಿಳಿದವರು ಯಾರಿದ್ದಾರೆ ಎಂದು ಕೇಳಿದರು. ಗುಂಪಿನ ಹಿಂದಿನಿಂದ ಒಂದು ದನಿ ಬಂತು:

"ಅಲ್ಲಿ ಕಂಬಳಿ ಮುಸುಕು ಹಾಕ್ಕೊಂಡು ಕೂತಿದಾರಲ್ಲ, ಅವರೇ. ಬೆಟ್ಟ ಎಲ್ಲಿಗೆ ಹೊರಡೋದಿದ್ರೂ ಅವರನ್ನ ಕೇಳ್ಕೊಂಡೇ ಹೊರಡೋದು."

ಎಷ್ಟೋ ದಿನದ ಮೇಲೆ ಜನ ಬಾಯ್ತುಂಬ ನಕ್ಕರು. ಕ್ಯಾಮೆರಾ ಅವನತ್ತ ತಿರುಗಿತು. ಕಿರಿನು ಎದ್ದು ಜಾಲಿಗಳ ನಡುವೆ ನಡೆದುಹೋದ, ಕತ್ತಲಾಗುವವರೆಗೂ ಬರಲಿಲ್ಲ.

ಬಿಬಿಯಾನ ಮಾತ್ರ ಸಮಾಧಾನವನ್ನೂ ಹೇಳಲಿಲ್ಲ, ನಗಲೂ ಇಲ್ಲ. ಅವಳು ಅವನೊಡನೆ ಮಾತನ್ನೇ ಬಿಟ್ಟಿದ್ದಳು. ಬೆಂಕಿ ಆರಿದ ಮೇಲೆ, ಅವರಿಗೆಲ್ಲ ಕೆಳಗಡೆ ಸಣ್ಣ ಮನೆಗಳು ಸಿಕ್ಕ ಮೇಲೆ, ಒಂದು ಸಂಜೆ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಎಲ್ಲರೂ ಹೋಗ್ಲಿ ಬಿಡು ಅಂತಾರೆ. ನಾನು ಅನ್ನಲ್ಲ. ನನ್ನ ಗಂಡನ ಪಟ ಅದೊಂದೇ ಇದ್ದಿದ್ದು. ಅಪ್ಪನ ಮುಖ ಹೇಗಿತ್ತು ಅಂತ ಮಗಳು ಕೇಳ್ತಾಳೆ, ನನಗೇ ಸರಿಯಾಗಿ ನೆನಪಾಗಲ್ಲ. ಆ ಲಾರಿ ಬಂದಾಗ ನೀನು ಬಾಯಿ ಮುಚ್ಕೊಂಡಿದ್ರೆ ಸಾಕಾಗಿತ್ತು. ಏನೂ ಮಾಡೋದು ಬೇಕಿರಲಿಲ್ಲ. ಬಾಯಿ ಒಂದು ಮುಚ್ಕೊಂಡಿದ್ರೆ."

"ಹೌದು," ಅಂದ ಕಿರಿನು.

"ಎಲ್ಲರೂ ನಕ್ಕಾಗ ನಿನ್ನ ಮುಖ ನೋಡ್ಬೇಕಿತ್ತು. ಮದುವಣಿಗನ ಹಾಗೆ ಅರಳಿತ್ತು."

"ಹೌದು ಕುಮಾದ್ರಿ."

ಅವಳು ಹೋದ ಮೇಲೂ ಅವನು ಬಾಗಿಲಲ್ಲೇ ನಿಂತಿದ್ದ. ನಾಚಿಕೆ ಹೋಗಿರಲಿಲ್ಲ. ಆದರೆ ಅಷ್ಟು ದಿನ ತಾನೊಬ್ಬನೇ ಹೊತ್ತಿದ್ದ ಮಾತನ್ನು ಇನ್ನೊಬ್ಬರು ಬಾಯಿಬಿಟ್ಟು ಆಡಿದ್ದರು. ಮರುದಿನ ಅವನು ನೀರಿಗೆ ಎಲ್ಲರೂ ಹೋಗುವ ದಾರಿಯಲ್ಲೇ ಹೋದ.

ದ್ರಾಕ್ಷಿ ಹಣ್ಣಾಗುವ ಕಾಲಕ್ಕೆ ಜನ ಒಬ್ಬೊಬ್ಬರಾಗಿ ಮೇಲಕ್ಕೆ ಮರಳತೊಡಗಿದರು. ಬೆಂಕಿ ಮುಟ್ಟದೆ ಬಿಟ್ಟ ಬಳ್ಳಿಗಳು ಅಲ್ಲಲ್ಲಿ ಉಳಿದಿದ್ದವು. ಬಿಬಿಯಾನಳಿಗೆ ತನ್ನ ಹಳೆಯ ಮನೆಯ ನೆತ್ತಿಯ ಮೇಲೆಯೇ ಹೊಸ ಕೋಣೆ ಕಟ್ಟಬೇಕೆಂಬ ಹಟ. ಪೋರ್ತೆಲ ಇದ್ದ ಕಡೆ ಈಗ ಬರೀ ಕಪ್ಪು ಕಲ್ಲಿನ ಅಲೆಗಳು. ಕೆಲವು ಬಿರುಕುಗಳಲ್ಲಿ ಕೈಯಿಟ್ಟರೆ ಇನ್ನೂ ಬಿಸಿ ತಾಗುತ್ತಿತ್ತು. ಇಗರ್ಜಿಯಿಲ್ಲ, ಶಾಲೆಯಿಲ್ಲ, ಗುರುತಿಗೆ ಒಂದು ಮರವಿಲ್ಲ. ಅವಳು ಕಿರಿನುವಿಗೆ ಹೇಳಿಕಳಿಸಿದಳು. ಅವನು ಬರಿತಲೆಯಲ್ಲಿ ಬಂದ.

"ನನ್ನ ಮನೆ ಎಲ್ಲಿತ್ತು, ಹೇಳು."

ಆಚೆ ಈಚೆ ಕಲ್ಲು ಒಟ್ಟುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಕಿರಿನು ಬಂಡೆಗೋಡೆಯತ್ತ ಕಣ್ಣು ಕಿರಿದು ಮಾಡಿದ, ಬೆಟ್ಟದತ್ತ ತಿರುಗಿದ. "ಇಲ್ಲೇ" ಎಂಬ ಮಾತು ಹಳೆಯ ಚಾಳಿಯಂತೆ ನಾಲಗೆಯ ತುದಿಗೆ ಬಂದು ನಿಂತಿತ್ತು. ಎಲ್ಲಿ ತೋರಿಸಿದರೂ ಅವಳು ನಂಬುತ್ತಿದ್ದಳು. ಅವನ ಕಿವಿ ಕೆಂಪಾಯಿತು.

"ಗೊತ್ತಿಲ್ಲ," ಅಂದ.

"ಏನಂದೆ?"

"ಗೊತ್ತಿಲ್ಲ ಕುಮಾದ್ರಿ. ನನಗೆ ತಿಳೀತಿಲ್ಲ."

ಬಿಬಿಯಾನ ಅವನನ್ನೊಮ್ಮೆ ದಿಟ್ಟಿಸಿದಳು. ಆಮೇಲೆ ಲಂಗ ಎತ್ತಿ ಸಿಕ್ಕಿಸಿಕೊಂಡು ಕಲ್ಲುಗಳ ಮೇಲೆ ಒಂದಷ್ಟು ದೂರ ನಡೆದು, ತುಸು ಸಮತಟ್ಟಾಗಿ ಕಂಡ ಕಡೆ ನಿಂತಳು. "ಹಾಗಾದ್ರೆ ಇಲ್ಲೇ ಇರಲಿ. ಕಲ್ಲು ಹೊರೋಕಾದ್ರೂ ಬರತ್ತಾ ನಿನಗೆ?"

ಕಲ್ಲು ಹೊರಲು ಅವನಿಗೆ ಬರುತ್ತಿತ್ತು. ಯಾರಾದರೂ ಬೆಟ್ಟದತ್ತ ಕೈ ತೋರಿಸಿ ಏನಾದರೂ ಕೇಳಿದರೆ ಮಾತ್ರ ತಲೆ ತಗ್ಗಿಸಿಕೊಂಡು ಇನ್ನೊಂದು ಕಲ್ಲಿಗೆ ಹೋಗುತ್ತಿದ್ದ. ಗೋಡೆ ಎದ್ದಿತು, ತಗಡು ಬಿತ್ತು. ಸೂರು ಮುಗಿದ ದಿನ ಬಿಬಿಯಾನ ದೊಡ್ಡ ಹಂಡೆಯಲ್ಲಿ ಜೋಳ, ಹುರುಳಿ, ಹಂದಿಮಾಂಸ ಹಾಕಿ ಕಾಚುಪ ಬೇಯಿಸಿದಳು. ಕಿರಿನು ಎಂದಿನಂತೆ ಎಲ್ಲರಿಗಿಂತ ಹಿಂದೆ, ಗೋಡೆಗೆ ಆತು ಕೂತಿದ್ದ. ಅವಳು ಬಂದು ತಟ್ಟೆಯನ್ನು ಅವನ ಮುಂದೆ ಇಟ್ಟಳು.

"ತಿನ್ನು. ಕ್ಷಮಿಸಿಬಿಟ್ಳು ಅಂದ್ಕೋಬೇಡ."

"ಅಂದ್ಕೊಂಡಿಲ್ಲ," ಅಂದು ಅವನು ತಟ್ಟೆ ಹತ್ತಿರಕ್ಕೆ ಎಳೆದುಕೊಂಡ.